ಬಡ್ಡಿ ಏರಿಸಿದವರ ಋಣ

2022ರ ಆಗಸ್ಟ್ ಕೊನೆಯಲ್ಲಿ ಅಮೆರಿಕದ ಜಾಕ್ಸನ್ ಹೋಲ್‌ನಲ್ಲಿ ಆ ದೇಶದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ಅಧ್ಯಕ್ಷ ಜೆರೋಮ್ ಪೊವೆಲ್ ಒಂದು ಚಿಕ್ಕ ಭಾಷಣ ಮಾಡಿದರು. ಬೆಲೆಯೇರಿಕೆಯನ್ನು ಹಿಡಿದು ನಿಲ್ಲಿಸಲು ಬಡ್ಡಿದರ ಏರಿಸಲೇಬೇಕು, ಇದರಿಂದ ಕುಟುಂಬಗಳಿಗೂ ಉದ್ಯಮಗಳಿಗೂ ಒಂದಿಷ್ಟು ನೋವಾಗುತ್ತದೆ, ಆದರೆ ಏರಿಸದಿದ್ದರೆ ಆಗುವ ನೋವು ಇದಕ್ಕಿಂತ ಬಹಳ ದೊಡ್ಡದು ಎಂಬುದು ಅದರ ತಿರುಳು. ಅವರ ಲೆಕ್ಕ ಸರಿಯೇ ತಪ್ಪೇ ಎಂದು ಅರ್ಥಶಾಸ್ತ್ರಜ್ಞರು ಅಂದಿನಿಂದಲೂ ಜಗಳವಾಡುತ್ತಿದ್ದಾರೆ. ಆ ಮಾತಿನಲ್ಲಿ ಲೆಕ್ಕಕ್ಕೆ ಸಿಗದ ಒಂದು ಅಂಶವೂ ಇತ್ತು. ನೋವು ಆಗುತ್ತದೆ ಎಂದರು, ಯಾರಿಗೆ ಎಂದು ಹೇಳಲಿಲ್ಲ. ಹೇಳುವುದು ಅವರ ಕೆಲಸವೂ ಆಗಿರಲಿಲ್ಲ. ಅಧಿಕಾರದಲ್ಲಿರುವವರು ಎಲ್ಲರ ಹಿತಕ್ಕಾಗಿ ಕೆಲವರ ಮೇಲೆ ತಿಳಿದೂ ತಿಳಿದೂ ಕಷ್ಟ ಹೊರಿಸಿದಾಗ, ಆ ಕೆಲವರಿಗೆ ಉಳಿದವರು ಏನಾದರೂ ಋಣಿಗಳಾಗುತ್ತಾರೆಯೇ? ಪ್ರಶ್ನೆ ನೀತಿಶಾಸ್ತ್ರದ್ದು, ಧರ್ಮದ್ದು. ಆಗುತ್ತಾರೆ ಎಂಬುದು ನನ್ನ ವಾದ. ಬಡ್ಡಿಯ ಬಗ್ಗೆ ಹಳೆಯ ಧರ್ಮಗಳು ಹೇಳಿದ್ದನ್ನು ನಾವು ಅರ್ಧ ಮಾತ್ರ ಕೇಳಿಸಿಕೊಂಡಿದ್ದರಿಂದಲೇ ಈ ಋಣ ನಮ್ಮ ಕಣ್ಣಿಗೆ ಬೀಳುತ್ತಿಲ್ಲ.

ನಡೆದದ್ದು ಸಣ್ಣ ಸಂಗತಿಯಲ್ಲ. ಕೊರೊನಾ ಕಾಲದಲ್ಲಿ ಸರ್ಕಾರಗಳು ಸುರಿದ ಹಣ, ಕಡಿದುಹೋದ ಸರಕು ಸಾಗಣೆ, 2022ರ ಫೆಬ್ರುವರಿಯಲ್ಲಿ ಶುರುವಾದ ಉಕ್ರೇನ್ ಯುದ್ಧ ಎಲ್ಲ ಸೇರಿ ಬೆಲೆಗಳನ್ನು ಎತ್ತಿಹಾಕಿದವು. ಹಣದುಬ್ಬರ ಅಮೆರಿಕದಲ್ಲಿ 2022ರ ಜೂನ್‌ನಲ್ಲಿ ಶೇ 9.1, ಬ್ರಿಟನ್ನಿನಲ್ಲಿ ಅದೇ ವರ್ಷದ ಅಕ್ಟೋಬರ್‌ನಲ್ಲಿ ಶೇ 11.1, ಭಾರತದಲ್ಲಿ ಏಪ್ರಿಲ್‌ನಲ್ಲಿ ಶೇ 7.79 ಮುಟ್ಟಿತು. ಹದಿನಾರು ತಿಂಗಳಲ್ಲಿ ಫೆಡರಲ್ ರಿಸರ್ವ್ ತನ್ನ ದರವನ್ನು ಸೊನ್ನೆಯ ಆಸುಪಾಸಿನಿಂದ ಶೇ 5.25–5.5ಕ್ಕೆ ಒಯ್ದಿತು. ನಮ್ಮ ರಿಸರ್ವ್ ಬ್ಯಾಂಕ್ 2022ರ ಮೇ 4ರಂದು, ನಿಗದಿಯಾಗಿದ್ದ ಸಭೆಗೂ ಕಾಯದೆ, ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯಾದ, ಆಗ ಶೇ 4ರಷ್ಟಿದ್ದ ರೆಪೊ ದರವನ್ನು ಏರಿಸತೊಡಗಿ ಮುಂದಿನ ಫೆಬ್ರುವರಿಯ ಹೊತ್ತಿಗೆ ಶೇ 6.5ಕ್ಕೆ ತಂದಿತು. ಬಡ್ಡಿದರದಿಂದ ಗೋಧಿ ಬೆಳೆಯುವುದಿಲ್ಲ, ತೈಲದ ಬಾವಿ ತುಂಬುವುದಿಲ್ಲ. ಅದು ಮಾಡಬಲ್ಲದ್ದು ಒಂದೇ: ಸಾಲ ದುಬಾರಿಯಾಗಿಸಿ ಜನ ಕೊಳ್ಳುವುದನ್ನು, ಕಟ್ಟುವುದನ್ನು, ಕೆಲಸಕ್ಕೆ ಕರೆದುಕೊಳ್ಳುವುದನ್ನು ಕಡಿಮೆ ಮಾಡುವುದು. ನೋವು ಈ ಔಷಧದ ಅಡ್ಡಪರಿಣಾಮ ಎನ್ನುತ್ತಾರೆ. ಔಷಧ ಕೆಲಸ ಮಾಡುವುದೇ ನೋವಿನ ಮೂಲಕ ಎಂದರೆ ಹೆಚ್ಚು ಸರಿ.

ಹಾಗಾದರೆ ಏರಿಸಲೇಬಾರದಿತ್ತೇ? ಖಂಡಿತ ಏರಿಸಬೇಕಿತ್ತು. ಬೆಲೆಯೇರಿಕೆಯನ್ನು ಅದರ ಪಾಡಿಗೆ ಬಿಡುವುದೂ ಅನ್ಯಾಯವೇ, ಅದೂ ಕಣ್ಣಿಗೆ ಕಾಣದ ಅನ್ಯಾಯ. ಹದಿನಾಲ್ಕನೆಯ ಶತಮಾನದ ಫ್ರೆಂಚ್ ಪಾದ್ರಿ, ಗಣಿತಜ್ಞ ನಿಕೊಲ್ ಒರೆಮ್ ನಾಣ್ಯದ ಕುರಿತು ಬರೆದ ಗ್ರಂಥದಲ್ಲಿ ಇದನ್ನು ನೇರವಾಗಿ ಎತ್ತಿಕೊಳ್ಳುತ್ತಾನೆ. ಬಡ್ಡಿಯನ್ನು ಚರ್ಚು ಪಾಪವೆಂದು ಸಾರಿದ್ದ ಕಾಲ ಅದು. ಅಂಥ ಕಾಲದಲ್ಲೂ ಅವನು, ನಾಣ್ಯದ ಬೆಳ್ಳಿ ಕದ್ದು ಅದರ ಬೆಲೆ ಕೆಡಿಸುವ ದೊರೆ ಬಡ್ಡಿಸಾಹುಕಾರನಿಗಿಂತ ದೊಡ್ಡ ಪಾಪಿ ಎನ್ನುತ್ತಾನೆ. ಅವನ ತರ್ಕ ಇವತ್ತಿಗೂ ಮಾಸಿಲ್ಲ: ಬಡ್ಡಿಗೆ ಸಾಲ ತೆಗೆದುಕೊಂಡವನು ಒಪ್ಪಿಯೇ ತೆಗೆದುಕೊಂಡಿರುತ್ತಾನೆ, ಅದರಿಂದ ಅವನಿಗೆ ಒಂದು ಗರಜು ತೀರಿರುತ್ತದೆ; ನಾಣ್ಯ ಕೆಟ್ಟಾಗ ಕಳೆದುಕೊಳ್ಳುವವನನ್ನು ಯಾರೂ ಕೇಳಿರುವುದಿಲ್ಲ. ದಿನಗೂಲಿ, ನಿವೃತ್ತಿವೇತನ, ಬ್ಯಾಂಕಿನಲ್ಲಿಟ್ಟ ಪುಡಿಗಾಸು ಇವುಗಳನ್ನು ನಂಬಿದವರ ಜೇಬಿನಿಂದ ಹಣದುಬ್ಬರ ಹೇಳದೆ ಕೇಳದೆ ಎತ್ತಿಕೊಳ್ಳುತ್ತದೆ. ಜಮೀನು, ಚಿನ್ನ, ಷೇರು ಇದ್ದವರು ಹೇಗೋ ಪಾರಾಗುತ್ತಾರೆ.

ಇದನ್ನು ಮರೆತು ಧರ್ಮದ ಹೆಸರಿನಲ್ಲಿ ಬಡ್ಡಿಯ ಮೇಲೆ ಯುದ್ಧ ಹೂಡಿದರೆ ಏನಾಗುತ್ತದೆ ಎಂಬುದಕ್ಕೆ ತುರ್ಕಿಯೇ ಸಾಕ್ಷಿ. ಬಡ್ಡಿ ಹೆಚ್ಚಿದ್ದರಿಂದಲೇ ಬೆಲೆ ಹೆಚ್ಚುತ್ತದೆ ಎಂಬುದು ಅಧ್ಯಕ್ಷ ಎರ್ಡೊಗಾನ್ ಅವರ ಹಳೆಯ ನಂಬಿಕೆ. 2021ರ ಡಿಸೆಂಬರ್‌ನಲ್ಲಿ ಅವರು, ಮುಸಲ್ಮಾನನಾಗಿ ಧರ್ಮಗ್ರಂಥದ ಕಟ್ಟಳೆ ಹೇಳಿದಂತೆ ನಡೆಯುತ್ತೇನೆ ಎಂದೂ ಸೇರಿಸಿದರು. ಲೋಕವೆಲ್ಲ ದರ ಏರಿಸುತ್ತಿದ್ದ ಹೊತ್ತಿಗೆ ಅಲ್ಲಿ ಅದು ಶೇ 19ರಿಂದ ಇಳಿಯುತ್ತಾ ಹೋಗಿ 2023ರ ಆರಂಭಕ್ಕೆ ಶೇ 8.5ಕ್ಕೆ ಬಂತು. ಹಣದುಬ್ಬರ 2022ರ ಅಕ್ಟೋಬರ್‌ನಲ್ಲಿ ಶೇ 85 ದಾಟಿತು. ಲೀರಾ ಬಿಟ್ಟು ಡಾಲರಿಗೆ ಓಡುತ್ತಿದ್ದವರನ್ನು ತಡೆಯಲು ಸರ್ಕಾರ ಒಂದು ಉಪಾಯ ಹೂಡಿತು: ಲೀರಾದಲ್ಲೇ ಠೇವಣಿ ಇಡಿ, ಡಾಲರಿನೆದುರು ಅದು ಕುಸಿದಷ್ಟನ್ನು ನಾವು ತುಂಬಿಕೊಡುತ್ತೇವೆ ಎಂದಿತು. ಅಂದರೆ ಠೇವಣಿ ಇಡುವಷ್ಟು ಹಣವಿದ್ದವರಿಗೆ ಸಾರ್ವಜನಿಕ ಬೊಕ್ಕಸದಿಂದ ಪರಿಹಾರ. ಮುಂಬಾಗಿಲಲ್ಲಿ ಓಡಿಸಿದ ಬಡ್ಡಿ ಹಿತ್ತಲಿನಿಂದ ಬಂದು ನಡುಮನೆಯಲ್ಲೇ ಕುಳಿತಿತು. 2023ರ ಚುನಾವಣೆ ಮುಗಿದ ಮೇಲೆ ದಾರಿ ಬದಲಾಗಿ, ಮರುವರ್ಷದ ಮಾರ್ಚ್‌ಗೆ ದರ ಶೇ 50ಕ್ಕೇರಿತು. ಧರ್ಮಕ್ಕೂ ಬಡ್ಡಿದರಕ್ಕೂ ಸಂಬಂಧ ಕಲ್ಪಿಸಿದರೆ ಇದೇ ಗತಿ ಎಂದು ಆಕ್ಷೇಪಿಸುವವರ ಕೈಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕದು.

ಆದರೆ ಆ ಧರ್ಮಗ್ರಂಥ ಹೇಳುವುದು ಅಷ್ಟೇ ಅಲ್ಲ. ಕುರಾನಿನ ಎರಡನೆಯ ಅಧ್ಯಾಯ ಬಡ್ಡಿಯನ್ನು ನಿಷೇಧಿಸಿದ ಬೆನ್ನಲ್ಲೇ ಇನ್ನೊಂದು ವಿಧಿಯನ್ನು ಇಡುತ್ತದೆ: ಸಾಲಗಾರ ಕಷ್ಟದಲ್ಲಿದ್ದರೆ ಅವನ ಕೈ ಸಡಿಲಾಗುವವರೆಗೆ ಸಮಯ ಕೊಡಬೇಕು. ದರ ಎಷ್ಟು ಎಂಬುದನ್ನು ಬಿಟ್ಟು, ಕೊಡಬೇಕಾದವನ ಸ್ಥಿತಿ ಏನು ಎಂದು ಕೇಳುವ ವಿಧಿ ಇದು. ಕೌಟಿಲ್ಯನ ಅರ್ಥಶಾಸ್ತ್ರಕ್ಕೆ ಬಡ್ಡಿಯ ಬಗ್ಗೆ ಅಸಹ್ಯವೇನೂ ಇಲ್ಲ. ತಿಂಗಳಿಗೆ ನೂರಕ್ಕೆ ಒಂದೂಕಾಲು ಧರ್ಮ್ಯವಾದ ದರ ಎನ್ನುತ್ತದೆ, ವ್ಯಾಪಾರಕ್ಕೆ ಐದು, ಕಾಡು ಹಾಯ್ದು ಹೋಗುವವರಿಗೆ ಹತ್ತು, ಸಮುದ್ರಯಾನಕ್ಕೆ ಇಪ್ಪತ್ತು ಎಂದು ಅಪಾಯ ನೋಡಿ ಬೆಲೆ ಕಟ್ಟುತ್ತದೆ. ಇಷ್ಟು ವ್ಯವಹಾರಸ್ಥ ಗ್ರಂಥವೇ ಮುಂದೆ, ದೀರ್ಘಯಜ್ಞದಲ್ಲಿ ತೊಡಗಿದವನ, ಕಾಯಿಲೆ ಬಿದ್ದವನ, ಗುರುಕುಲದಲ್ಲಿ ಓದುತ್ತಿರುವವನ, ಬಾಲಕನ, ಏನೂ ಇಲ್ಲದವನ ಸಾಲ ಬೆಳೆಯಬಾರದು ಎಂದು ನಿಯಮ ಹಾಕುತ್ತದೆ. ಸಾಲ ರದ್ದಾಗುವುದಿಲ್ಲ, ಬೆಳೆಯುವುದು ನಿಲ್ಲುತ್ತದೆ. ಧರ್ಮಶಾಸ್ತ್ರದ ದಾಮದುಪ್ಪಟ್ಟು ನಿಯಮವೂ ಇದೇ ಜಾತಿಯದು: ಒಂದು ಸಲಕ್ಕೆ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರುವಂತಿಲ್ಲ. ಇದು ಬರೀ ಓಲೆಗರಿಯ ಮಾತಲ್ಲ. ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತ್ಯದ, ಅಂದರೆ ಧಾರವಾಡ, ಬೆಳಗಾವಿ, ವಿಜಾಪುರಗಳನ್ನೂ ಒಳಗೊಂಡ ಪ್ರದೇಶದ, ನ್ಯಾಯಾಲಯಗಳು ಹಿಂದೂ ಸಾಲಗಾರರಿಗೆ ಇದನ್ನು ಅನ್ವಯಿಸಿದವು. ಯಹೂದ್ಯರ ಧರ್ಮಸಂಹಿತೆ ಇನ್ನೂ ಮುಂದೆ ಹೋಗಿ ಏಳು ವರ್ಷಕ್ಕೊಮ್ಮೆ ಸಾಲ ಬಿಟ್ಟುಬಿಡಿ ಎಂದಿತು. ಒಂದಕ್ಕೊಂದು ಹೊಂದದ ಈ ಪರಂಪರೆಗಳೆಲ್ಲ ಕೂಡಿ ಕೇಳಿದ ಪ್ರಶ್ನೆ ಒಂದೇ, ಬಡ್ಡಿ ಯಾರ ಮೇಲೆ ಬೀಳುತ್ತದೆ ಎಂಬುದು. ಎರ್ಡೊಗಾನ್ ಆ ಪ್ರಶ್ನೆಯನ್ನು ಬಿಟ್ಟು ಅಂಕಿಯನ್ನು ಹಿಡಿದುಕೊಂಡರು.

ಇಲ್ಲಿ ಒಂದು ಬಿರುಸಾದ ಆಕ್ಷೇಪ ಎದ್ದು ನಿಲ್ಲುತ್ತದೆ. ಯಾರ ಮೇಲೆ ಎಂದು ಕೇಳಿದ ನಮ್ಮ ಶಾಸ್ತ್ರಗಳು ಕೊಟ್ಟ ಉತ್ತರವೇನು? ಮನುಸ್ಮೃತಿಯ ಎಂಟನೆಯ ಅಧ್ಯಾಯ ತಿಂಗಳಿಗೆ ನೂರಕ್ಕೆ ಎರಡು, ಮೂರು, ನಾಲ್ಕು, ಐದು ಎಂದು ವರ್ಣಕ್ಕೆ ತಕ್ಕಂತೆ ದರ ಹೇಳುತ್ತದೆ, ಬ್ರಾಹ್ಮಣನಿಗೆ ಎಲ್ಲಕ್ಕಿಂತ ಕಡಿಮೆ, ಶೂದ್ರನಿಗೆ ಎಲ್ಲಕ್ಕಿಂತ ಹೆಚ್ಚು. ಮುಖ ನೋಡಿ ಬಡ್ಡಿ ಹಾಕುವ ಪದ್ಧತಿ ಎಂದರೆ ಇದೇ. ಇದರಿಂದ ಬಿಡುಗಡೆ ಸಿಕ್ಕಿದ್ದೇ ಯಾರ ಮುಖವನ್ನೂ ನೋಡದ ಆಧುನಿಕ ದರದಿಂದ ಎನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಒಪ್ಪುತ್ತೇನೆ, ಮನುವಿನ ದರಪಟ್ಟಿ ಅನ್ಯಾಯದ್ದು. ಆದರೆ ಅರ್ಥಶಾಸ್ತ್ರದ ಪಟ್ಟಿಯನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು. ಮನು ನೋಡಿದ್ದು ಹುಟ್ಟನ್ನು, ಇದು ನೋಡಿದ್ದು ಬಹುಮಟ್ಟಿಗೆ ಸ್ಥಿತಿಯನ್ನು. ಕಾಯಿಲೆ ಯಾರಿಗಾದರೂ ಬರಬಹುದು, ಎಲ್ಲರೂ ಒಮ್ಮೆ ಬಾಲಕರೇ, ನಾಳೆ ಯಾರಾದರೂ ಬರಿಗೈಯಾಗಬಹುದು. ಯಜ್ಞ, ಗುರುಕುಲಗಳ ಬಾಗಿಲು ಆ ಕಾಲದಲ್ಲಿ ಎಲ್ಲರಿಗೂ ತೆರೆದಿರಲಿಲ್ಲ ಎಂಬುದು ನಿಜ. ಆ ಮಟ್ಟಿಗೆ ಹುಟ್ಟಿನ ಕೊಳೆ ಇಲ್ಲೂ ಅಂಟಿದೆ. ಹಾಗಿದ್ದರೂ ಎರಡು ತತ್ತ್ವಗಳು ಬೇರೆ ಬೇರೆ. ಹುಟ್ಟನ್ನು ನೋಡದ ದರ ಬೇಕು ಎಂಬಲ್ಲಿಂದ ಸ್ಥಿತಿಯನ್ನೂ ನೋಡದ ದರವೇ ನ್ಯಾಯ ಎಂಬಲ್ಲಿಗೆ ಜಿಗಿಯಲು ಯಾವ ತರ್ಕವೂ ಇಲ್ಲ.

ಮುಖ ನೋಡದ ಈ ದರ ಒಂದು ಮನೆಯೊಳಗೆ ಹೇಗೆ ಬರುತ್ತದೆ ನೋಡಿ. ಇಪ್ಪತ್ತು ವರ್ಷದ ಅವಧಿಗೆ, ಶೇ 6.5ರ ಬದಲಾಗುವ ಬಡ್ಡಿಗೆ, ₹30 ಲಕ್ಷ ಗೃಹಸಾಲ ಎಂದಿಟ್ಟುಕೊಳ್ಳೋಣ. ತಿಂಗಳ ಕಂತು ಸುಮಾರು ₹22,370. ರೆಪೊ ದರ ಏರಿದಷ್ಟೇ, ಅಂದರೆ ಎರಡೂವರೆ ಪರ್ಸೆಂಟು ಏರಿ ಸಾಲದ ಬಡ್ಡಿ ಶೇ 9 ಆದರೆ ಕಂತು ₹26,990ರ ಹತ್ತಿರಕ್ಕೆ ಹೋಗಬೇಕು. ಗ್ರಾಹಕ ಗಾಬರಿಯಾಗುತ್ತಾನೆಂದು ಬ್ಯಾಂಕುಗಳು ಸಾಮಾನ್ಯವಾಗಿ ಕಂತನ್ನು ಮುಟ್ಟದೆ ಅವಧಿಯನ್ನು ಹಿಗ್ಗಿಸುತ್ತವೆ. ಆದರೆ ಪೂರ್ತಿ ₹30 ಲಕ್ಷಕ್ಕೆ ಶೇ 9ರಂತೆ ಒಂದು ತಿಂಗಳ ಬಡ್ಡಿಯೇ ₹22,500. ಹಳೆಯ ಕಂತು ಆ ಬಡ್ಡಿಗೂ ₹130 ಕಡಿಮೆ ಬೀಳುತ್ತದೆ. ಸಾಲ ತೆಗೆದುಕೊಂಡ ಹೊಸತರಲ್ಲೇ ದರ ಏರಿದವನು ತಪ್ಪದೆ ಕಂತು ಕಟ್ಟುತ್ತಿದ್ದರೂ ಅಸಲು ಕರಗದೆ ಊದಿಕೊಳ್ಳಬಹುದು. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಇದನ್ನು ಗಮನಿಸಿ ಸುತ್ತೋಲೆ ಹೊರಡಿಸಿತು: ಕಂತು ಏರಿಸಬೇಕೋ ಅವಧಿ ಹಿಗ್ಗಿಸಬೇಕೋ ಎಂದು ಸಾಲಗಾರನನ್ನು ಕೇಳಬೇಕು, ಸ್ಥಿರ ಬಡ್ಡಿಗೆ ಬದಲಾಗುವ ಆಯ್ಕೆ ಕೊಡಬೇಕು, ಅವಧಿ ಹಿಗ್ಗಿಸುವ ಭರದಲ್ಲಿ ಸಾಲ ತಾನೇ ಬೆಳೆಯುವಂತಾಗಬಾರದು. ಕೌಟಿಲ್ಯ ಕೇಳಿದ್ದ ಪ್ರಶ್ನೆಯನ್ನೇ, ಮೊದಲ ಏರಿಕೆಯಾಗಿ ಹದಿನೈದು ತಿಂಗಳ ಮೇಲೆ, ಒಂದು ಕಚೇರಿ ಸುತ್ತೋಲೆ ಕೇಳಿತು. ಗೃಹಸಾಲದವನಿಗೆ ಇಷ್ಟಾದರೂ ಸಿಕ್ಕಿತು. ‘ಸಂಘದ ಸಾಲ’ ತೆಗೆದ ಹೆಂಗಸರ ವಿಷಯದಲ್ಲಿ, ಮೈಕ್ರೊಫೈನಾನ್ಸ್ ಕಂಪನಿಗಳ ಬಡ್ಡಿಗಿದ್ದ ಮಿತಿಯನ್ನೇ 2022ರ ಏಪ್ರಿಲ್‌ನಿಂದ ತೆಗೆಯಲಾಗಿತ್ತು. ವಸೂಲಿಗೆ ಬಂದವರ ಕಾಟ ತಡೆಯಲಾರದೆ ಜನ ಊರು ಬಿಡತೊಡಗಿದ ಮೇಲೆ, 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಅದೇ ಏರಿಕೆಯಿಂದ ಇಡುಗಂಟು ಇದ್ದವರಿಗೆ ಠೇವಣಿಯ ಮೇಲೆ ಹೆಚ್ಚು ಬಡ್ಡಿ ಸಿಕ್ಕಿತು. ಅದೂ ಒಳ್ಳೆಯದೇ. ಆದರೆ ಕೊಡುವವರೂ ಪಡೆಯುವವರೂ ಬೇರೆ ಬೇರೆ ಜನ ಎಂಬುದನ್ನು ಮರೆಯಬಾರದು.

ಬೆಲೆ ಸ್ಥಿರವಾದರೆ ಎಲ್ಲರಿಗಿಂತ ಹೆಚ್ಚು ಲಾಭ ಬಡವರಿಗೇ, ಮತ್ತೆ ಯಾವ ಋಣ ಎಂದು ಕೇಳಬಹುದು. ಈ ವಾದದಲ್ಲಿ ‘ಬಡವರು’ ಎಂಬ ಒಂದೇ ಗುಂಪಿನಲ್ಲಿ ಇಬ್ಬರು ಬೆರೆತುಹೋಗುತ್ತಾರೆ. ಕೆಲಸ ಉಳಿದವನಿಗೆ ಅಗ್ಗದ ಅಕ್ಕಿ ಸಿಗುತ್ತದೆ. ಕೆಲಸ ಹೋದವನಿಗೆ ಅಕ್ಕಿ ಅಗ್ಗವಾದರೂ ಕೊಳ್ಳಲು ಕಾಸಿಲ್ಲ. 1979ರಲ್ಲಿ ಫೆಡರಲ್ ರಿಸರ್ವ್ ಅಧ್ಯಕ್ಷರಾದ ಪಾಲ್ ವೋಲ್ಕರ್ ದರವನ್ನು ಶೇ 20ರ ಹತ್ತಿರಕ್ಕೆ ಒಯ್ದು ಅಮೆರಿಕದ ಹಣದುಬ್ಬರವನ್ನು ಮುರಿದರು. ಅದರ ಫಲವನ್ನು ಆ ದೇಶ ದಶಕಗಳ ಕಾಲ ಉಂಡಿತು. ಆದರೆ 1982ರ ಕೊನೆಗೆ ನಿರುದ್ಯೋಗ ಶೇ 10.8 ಮುಟ್ಟಿತ್ತು. ಮನೆ ಕಟ್ಟುವ ಗುತ್ತಿಗೆದಾರರು ಬಳಕೆಯಾಗದೆ ಉಳಿದ ಮರದ ತುಂಡುಗಳನ್ನು ವೋಲ್ಕರ್ ಅವರಿಗೆ ಅಂಚೆಯಲ್ಲಿ ಕಳಿಸಿದರು, ಕಾರು ವ್ಯಾಪಾರಿಗಳು ಗಿರಾಕಿ ಸಿಗದ ಕಾರುಗಳ ಕೀಲಿಗಳನ್ನು ಶವಪೆಟ್ಟಿಗೆಯಲ್ಲಿಟ್ಟು ಕಳಿಸಿದರು. ಆ ಮರದ ತುಂಡುಗಳಲ್ಲಿ ಕೋಪ ಮಾತ್ರ ಇರಲಿಲ್ಲ, ಒಂದು ಬಿಲ್ಲೂ ಇತ್ತು: ನಿಮ್ಮ ನಾಣ್ಯ ಗಟ್ಟಿಯಾಗಿದ್ದು ನಮ್ಮ ಖರ್ಚಿನಲ್ಲಿ. ವೋಲ್ಕರ್ ಮಾಡಿದ್ದು ಸರಿ ಎಂದುಕೊಂಡೇ ಈ ಬಿಲ್ಲನ್ನೂ ಒಪ್ಪಬಹುದು. ಸರಿಯಾದ ಕೆಲಸದಿಂದಲೂ ಋಣ ಹುಟ್ಟುತ್ತದೆ. ಹುಟ್ಟುತ್ತಲೇ ಮನುಷ್ಯ ದೇವ, ಋಷಿ, ಪಿತೃಗಳಿಗೆ ಋಣಿ ಎಂದು ವೇದಕಾಲದವರು ಹೇಳಿದಾಗ ಯಾರೂ ತಪ್ಪು ಮಾಡಿರಲಿಲ್ಲ, ಯಾರೂ ಪತ್ರಕ್ಕೆ ಸಹಿ ಹಾಕಿರಲಿಲ್ಲ. ಇನ್ನೊಬ್ಬರು ಪಟ್ಟ ಶ್ರಮದ ಫಲವನ್ನು ಉಣ್ಣುವುದೇ ಆ ಋಣಕ್ಕೆ ಮೂಲ.

ಈ ಸಲ ಅಂಥದ್ದೇನೂ ಆಗಲಿಲ್ಲವಲ್ಲ ಎನ್ನುವವರಿಗೆ ಅಂಕಿಅಂಶಗಳ ಬೆಂಬಲವಿದೆ. ಅಮೆರಿಕದ ನಿರುದ್ಯೋಗ 2023ರುದ್ದಕ್ಕೂ ಶೇ 4ರ ಒಳಗೇ ಇತ್ತು, ಬೆಲೆಯೇರಿಕೆಯೂ ಇಳಿಯಿತು. ಪೊವೆಲ್ ಹೇಳಿದ ನೋವು ಅವರ ದೇಶದಲ್ಲಿ ಹೇಳಿದಷ್ಟು ಕಾಣಿಸಲಿಲ್ಲ. ಅದರ ಬಹುಪಾಲು ಗಡಿಯಾಚೆ ಹೋಗಿತ್ತು. ಡಾಲರಿಗೆ ಹೆಚ್ಚು ಬಡ್ಡಿ ಸಿಕ್ಕಿದಾಗ ಹಣ ಅತ್ತ ಹರಿಯುತ್ತದೆ, ಇತ್ತ ಕರೆನ್ಸಿಗಳು ಬೀಳುತ್ತವೆ, ಡಾಲರಿನಲ್ಲಿ ಮಾಡಿದ ಸಾಲ ಕುಳಿತಲ್ಲೇ ದೊಡ್ಡದಾಗುತ್ತದೆ. 2022ರ ಏಪ್ರಿಲ್‌ನಲ್ಲಿ ಶ್ರೀಲಂಕಾ, ಡಿಸೆಂಬರ್‌ನಲ್ಲಿ ಘಾನಾ ವಿದೇಶಿ ಸಾಲ ತೀರಿಸಲಾರೆವೆಂದು ಕೈಚೆಲ್ಲಿದವು. ಎರಡೂ ದೇಶಗಳ ಆಳುವವರ ಸ್ವಂತ ತಪ್ಪುಗಳು ದೊಡ್ಡವೇ ಇದ್ದವು, ನಿಜ; ದುಬಾರಿಯಾದ ಡಾಲರು ಆ ತಪ್ಪುಗಳಿಗೆ ಉಸಿರಾಡಲೂ ಬಿಡುವು ಕೊಡಲಿಲ್ಲ. ಶಿಕ್ಷಣಕ್ಕೋ ಆರೋಗ್ಯಕ್ಕೋ ಮಾಡುವುದಕ್ಕಿಂತ ಹೆಚ್ಚು ಖರ್ಚನ್ನು ಬಡ್ಡಿಗೇ ಮಾಡುವ ದೇಶಗಳಲ್ಲಿ 330 ಕೋಟಿ ಜನ ಬದುಕುತ್ತಿದ್ದಾರೆ ಎಂದು ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಂಸ್ಥೆ 2023ರಲ್ಲಿ ಲೆಕ್ಕ ಕೊಟ್ಟಿತು. ಇಲ್ಲಿ ಯಹೂದ್ಯರ ಸಂಹಿತೆಯ ಇನ್ನೊಂದು ವಿಧಿ ನೆನಪಾಗುತ್ತದೆ. ಸಹೋದರನಿಂದ ಬಡ್ಡಿ ತೆಗೆದುಕೊಳ್ಳಬೇಡ, ಪರದೇಶದವನಿಂದ ತೆಗೆದುಕೊಳ್ಳಬಹುದು ಎನ್ನುತ್ತದೆ ಅದು. ಸಹೋದರ ಯಾರು ಎಂಬುದರ ಮೇಲೆ ಧರ್ಮಜ್ಞರು ಶತಮಾನಗಳ ಕಾಲ ತಲೆಕೆಡಿಸಿಕೊಂಡರು. ಫೆಡರಲ್ ರಿಸರ್ವ್‌ಗೆ ಆ ಚಿಂತೆಯೇ ಇಲ್ಲ, ಏಕೆಂದರೆ ಅದರ ಕಾನೂನು ಅಮೆರಿಕದ ಬೆಲೆಗಳನ್ನೂ ಅಮೆರಿಕದ ಉದ್ಯೋಗಗಳನ್ನೂ ಮಾತ್ರ ನೋಡಿಕೊಳ್ಳಲು ಹೇಳುತ್ತದೆ. ಹಣ ಇಡೀ ಜಗತ್ತಿನದು, ಹೊಣೆ ಒಂದು ದೇಶದ್ದು.

ಕೊನೆಯ ಆಕ್ಷೇಪ ವ್ಯವಹಾರದ್ದು, ನಮ್ಮವರಿಗೆ ಚೆನ್ನಾಗಿ ಗೊತ್ತಿರುವಂಥದ್ದು: ಸ್ಥಿತಿ ನೋಡುತ್ತಾ ಕೂತರೆ ಸಾಲ ತೀರಿಸುವ ಅಭ್ಯಾಸವೇ ಹಾಳಾಗುತ್ತದೆ. 1976ರ ದೇವರಾಜ ಅರಸು ಕಾಲದ ಋಣ ಪರಿಹಾರ ಕಾಯ್ದೆಯಿಂದ 2018ರ ಬೆಳೆಸಾಲ ಮನ್ನಾದವರೆಗೆ ಕರ್ನಾಟಕದಲ್ಲಿ ಈ ಚರ್ಚೆ ಹಳೆಯದು. ಒಮ್ಮೆ ಮನ್ನಾ ಮಾಡಿದರೆ ಮುಂದಿನದಕ್ಕೆ ಜನ ಕಾಯುತ್ತಾರೆ, ಸಾಲ ಕೊಡುವವರು ಕೈ ಬಿಗಿ ಹಿಡಿಯುತ್ತಾರೆ, ಮತ್ತೆ ಮೀಟರ್ ಬಡ್ಡಿಯವನೇ ಗತಿಯಾಗುತ್ತಾನೆ. ಇದು ಮನ್ನಾದ ಬಗೆಗಿನ ಟೀಕೆ, ಅಲ್ಲಿ ತೂಕವುಳ್ಳದ್ದು. ಆದರೆ ಏರಿದ ದರದ ಋಣ ತೀರಿಸಲು ಮನ್ನಾ ಒಂದೇ ದಾರಿಯಲ್ಲ. ದರ ಏರಿದ್ದರಿಂದಲೇ ಬ್ಯಾಂಕುಗಳಿಗೆ ಬಂದ ಹೆಚ್ಚುವರಿ ಲಾಭದ ಮೇಲೆ ಸ್ಪೇನ್ 2023ರಿಂದ ಒಂದು ವಿಶೇಷ ಕರ ಹಾಕಿತು. ಇಟಲಿಯೂ ಹಾಕುತ್ತೇನೆಂದು ಹೊರಟು, ಷೇರುಪೇಟೆ ಕೆಮ್ಮಿದ ಕೂಡಲೇ ಅರ್ಧ ಹಿಂದೆಗೆದುಕೊಂಡಿತು! ಘಾನಾದಲ್ಲಿ ಸರ್ಕಾರ ದೇಶದೊಳಗಿನ ಸಾಲಪತ್ರಗಳ ಬಡ್ಡಿಯನ್ನು ಕತ್ತರಿಸಲು ಮುಂದಾದಾಗ, ನಿವೃತ್ತಿಯ ಹಣವನ್ನೆಲ್ಲ ಅದರಲ್ಲೇ ಹಾಕಿದ್ದ ವೃದ್ಧರು 2023ರ ಫೆಬ್ರುವರಿಯಲ್ಲಿ ಹಣಕಾಸು ಸಚಿವಾಲಯದ ಮುಂದೆ ಧರಣಿ ಕೂತರು. ನಿವೃತ್ತ ಮುಖ್ಯ ನ್ಯಾಯಮೂರ್ತಿ ಸೋಫಿಯಾ ಅಕುಫೊ ತಾವೂ ಹೋಗಿ ಅವರ ಜೊತೆ ಸೇರಿಕೊಂಡರು. ನಿವೃತ್ತರನ್ನು ಆ ಕಡಿತದಿಂದ ಹೊರಗಿಡಲಾಯಿತು. ಸ್ಥಿತಿ ನೋಡುವುದು ಅಸಾಧ್ಯ ಎಂದಿದ್ದವರಿಗೇ, ನೋಡಬೇಕಾದವರು ಬಾಗಿಲ ಮುಂದೆ ಕೂತಾಗ ಅದು ಸಾಧ್ಯವಾಯಿತು.

ಮುಂಚೆಯೇ ನೋಡಿ ಬರೆದಿಟ್ಟ ಉದಾಹರಣೆಯೂ ಇದೆ. ಕೆರಿಬಿಯನ್ ದ್ವೀಪದೇಶ ಗ್ರೆನಡಾ 2015ರಲ್ಲಿ ತನ್ನ ಸಾಲಗಳನ್ನು ಮರುಹೊಂದಿಸಿದಾಗ ಪತ್ರದಲ್ಲಿ ಒಂದು ಕಲಮು ಸೇರಿಸಿತು: ದೊಡ್ಡ ಚಂಡಮಾರುತ ಬಡಿದರೆ ಕಂತುಗಳನ್ನು ಮುಂದೂಡಬಹುದು. 2024ರ ಜುಲೈ 1ರಂದು ಬೆರಿಲ್ ಚಂಡಮಾರುತ ಅದರ ಕಾರಿಯಾಕು ದ್ವೀಪವನ್ನು ನೆಲಸಮ ಮಾಡಿದ ಮೇಲೆ ಗ್ರೆನಡಾ ಆ ಕಲಮನ್ನು ಬಳಸಿತು. ರೋಗಿಯ ಸಾಲ ಬೆಳೆಯಬಾರದು ಎಂದ ನಿಯಮಕ್ಕೆ ಇದು ದೂರದ ನೆಂಟ. ಚಂಡಮಾರುತಕ್ಕೆ ಇದು ಸಲ್ಲುವುದಾದರೆ ದರದ ಏರಿಕೆಗೆ ಏಕೆ ಸಲ್ಲದು? ಚಂಡಮಾರುತ ಯಾರೂ ತೀರ್ಮಾನಿಸಿ ಕಳಿಸಿದ್ದಲ್ಲ; ವಾಷಿಂಗ್ಟನ್ನಿನ ದರ ಒಂದು ಸಭೆಯ ತೀರ್ಮಾನ, ಮತ ಹಾಕಿದವರ ಹೆಸರು ಸಮೇತ. ಹೊಣೆ ಹೊರಬೇಕಾದವರು ಯಾರೆಂದು ಗೊತ್ತಿರುವ ಕಡೆ ಬಿಡುವು ಇನ್ನೂ ಸುಲಭವಾಗಿ ಸಿಗಬೇಕಿತ್ತು. ಇಂಥ ಕಲಮು ಹಾಕಿದರೆ ಸಾಲ ಕೊಡುವವರು ಮೊದಲೇ ಸ್ವಲ್ಪ ಹೆಚ್ಚು ಬಡ್ಡಿ ಕೇಳುತ್ತಾರೆ ಎನ್ನಬಹುದು. ಕೇಳಲಿ. ಆಗ ಆ ಹೆಚ್ಚಳ ಇಬ್ಬರಿಗೂ ಮೊದಲೇ ಗೊತ್ತಿರುತ್ತದೆ, ಪತ್ರದಲ್ಲಿರುತ್ತದೆ, ಕೆಟ್ಟ ವರ್ಷದಲ್ಲಿ ಆಸ್ಪತ್ರೆಯ ಔಷಧಿಯ ಹಣದಿಂದ ಕಿತ್ತುಕೊಳ್ಳುವಂತಿರುವುದಿಲ್ಲ. ಗ್ರೆನಡಾದ ಸಾಲ ರದ್ದಾಗಲಿಲ್ಲ, ಕಂತು ಮುಂದಕ್ಕೆ ಹೋಯಿತು ಅಷ್ಟೇ.